ನರ್ಸ್ ಬರೆಯುವ ಒಂದೇ ಕಾಲಂ

"ಮೇಡಂ, ನನಗೆ ಅಂತ ಒಂದು ಕಾಲಂ ಉಂಟಲ್ಲ, ಅದು ಬರೀಲಿಕ್ಕೆ ಬಿಡ್ತಾ ಇಲ್ಲ ಮಾರಾಯ್ರೆ. ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ."

ಮುಹೈಸ್ನಾದಲ್ಲಿರುವ ನಮ್ಮ ಕಂಪನಿಯ ಕೆಲಸಗಾರರ ಕ್ಯಾಂಪ್ ಕ್ಲಿನಿಕ್‌ನಿಂದ ನರ್ಸ್ ಫೋನ್ ಮಾಡಿದಾಗ ನಾನಿನ್ನೂ ಜುಮೇರಾ ಲೇಕ್ಸ್ ಟವರ್ಸ್‌ನ ಆಫೀಸಿನ ಲಿಫ್ಟ್ ಮುಂದೆ ನಿಂತಿದ್ದೆ. ಆಗಸ್ಟ್ ತಿಂಗಳು, ಗಲ್ಫಿನ ಸೆಕೆ. ಮೆಟ್ರೋ ಇಳಿದು ಕಟ್ಟಡದ ಬಾಗಿಲು ಮುಟ್ಟುವಷ್ಟರಲ್ಲಿ ಕನ್ನಡಕಕ್ಕೆಲ್ಲ ಹಬೆ ಹಿಡಿದಿತ್ತು. ಉಡುಪಿ ಕಡೆಯ ಆ ನರ್ಸ್ ಸುಮ್ಮಸುಮ್ಮನೆ ಫೋನ್ ಮಾಡುವವರಲ್ಲ. ಕಂಪ್ಯೂಟರ್ ಕೈಕೊಟ್ಟರೆ ಒಮ್ಮೆ ಆರಿಸಿ ಹಚ್ಚಿ, ಮೌಸಿಗೆ ನಾಲ್ಕು ಏಟು ಕೊಟ್ಟು, ಆಮೇಲೆಯೇ ನಮ್ಮನ್ನು ನೆನೆಸುವವರು.

"ಏನಂತ ಬರ್ತಿದೆ ಸಿಸ್ಟರ್?"

"ಅನುಮತಿ ಇಲ್ಲ ಅಂತ. ನನಗೆ ಅನುಮತಿ ಇಲ್ಲದ್ದು ಯಾವಾಗಿಂದ? ನಿನ್ನೆ ಸೈಟಲ್ಲಿ ತಲೆ ಸುತ್ತಿ ಬಿದ್ದ ಹುಡುಗ ಒಬ್ಬ ಇಲ್ಲೇ ಮಲಗಿದ್ದಾನೆ. ಡಾಕ್ಟರ್ ಬಿಸಿಲಿಗೆ ಕಳಿಸಲೇಬಾರದು ಅಂದಿದ್ದಾರೆ. ನಾನು ಅನ್‌ಫಿಟ್ ಅಂತ ಹಾಕಿದ್ರೆ ಹೋಗ್ತಾ ಇಲ್ಲ. ನಾಲ್ಕು ಗಂಟೆಗೆ ಬಸ್ಸಿನ ಪಟ್ಟಿ ಮುಚ್ಚುತ್ತದಲ್ಲ, ಅಷ್ಟರೊಳಗೆ ಮಾಡಿ ಕೊಡಿ."

ಇದರ ತೂಕ ತಿಳಿಯಬೇಕಾದರೆ ನಮ್ಮ ಪದ್ಧತಿ ಸ್ವಲ್ಪ ಹೇಳಬೇಕು. ನಮ್ಮದು ಕಟ್ಟಡ ಕೆಲಸಕ್ಕೆ ಜನ ಒದಗಿಸುವ ಕಂಪನಿ. ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಕ್ಯಾಂಪಿನಲ್ಲಿರುವ ಪ್ರತಿಯೊಬ್ಬ ಕೆಲಸಗಾರನಿಗೂ ಅದರ ಒಂದು ಟೇಬಲ್ಲಿನಲ್ಲಿ ಒಂದು ಸಾಲು ಇದೆ: ಹೆಸರು, ರೂಮು, ಕಸುಬು, ಯಾವ ಸೈಟು, ಯಾವ ಬಸ್ಸು, ಮತ್ತು ಫಿಟ್ ಅಥವಾ ಅನ್‌ಫಿಟ್. ಸಂಜೆ ನಾಲ್ಕಕ್ಕೆ ಅದರಿಂದ ಮರುದಿನದ ಬಸ್ಸುಗಳ ಪಟ್ಟಿ ತಾನಾಗಿ ತಯಾರಾಗುತ್ತದೆ. ಅನ್‌ಫಿಟ್ ಎಂದಿರುವವರು ಪಟ್ಟಿಯಲ್ಲಿ ಬರುವುದಿಲ್ಲ. ಫಿಟ್ ಎಂದಿದ್ದವನು ಬೆಳಗಿನ ಜಾವ ಬಸ್ ಹತ್ತಲೇಬೇಕು, ಹತ್ತದಿದ್ದರೆ ಗೈರುಹಾಜರಿ. ನರ್ಸ್ ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಫೋರ್‌ಮನ್‌ಗಳು "ಸಿಸ್ಟಂ ಮೇ ಫಿಟ್ ಹೈ" ಎಂದು ಭುಜ ಕುಣಿಸುತ್ತಾರೆ.

ಹಿಂದೆ ಆ ಟೇಬಲ್ಲಿಗೆ ಎಲ್ಲರೂ ಕೈ ಹಾಕಬಹುದಿತ್ತು. ಜನ ಕಡಿಮೆ ಬಿದ್ದ ಒಂದು ದಿನ ಯಾರೋ ಫೋರ್‌ಮನ್ ನರ್ಸ್ ಬರೆದಿದ್ದ ಅನ್‌ಫಿಟ್ ಅನ್ನು ಫಿಟ್ ಮಾಡಿ, ಜ್ವರದಲ್ಲಿದ್ದವನನ್ನು ಸೈಟಿಗೆ ಕಳಿಸಿದ. ಆತ ಆಸ್ಪತ್ರೆ ಸೇರಿ ಹೇಗೋ ಬದುಕಿಕೊಂಡ. ಅದಾದ ಮೇಲೆ ನಮ್ಮ ತಂಡದ ಹಿರಿಯರೊಬ್ಬರು, ಈಜಿಪ್ಟಿನವರು, ಟೇಬಲ್ಲಿನ ಮೇಲೆ ಒಂದು ವ್ಯೂ ಕಟ್ಟಿದರು. ಟೇಬಲ್ ಕೋಣೆಯಾದರೆ ವ್ಯೂ ಅದಕ್ಕೊಂದು ಕಿಟಕಿ. ಯಾರೂ ಕೋಣೆಯೊಳಗೆ ಹೋಗುವ ಹಾಗಿಲ್ಲ, ಏನಿದ್ದರೂ ಕಿಟಕಿಯಿಂದ. ಫೋರ್‌ಮನ್‌ಗಳು ಸೈಟು, ಬಸ್ಸು ಎಂಬ ಎರಡು ಕಾಲಂ ಮಾತ್ರ ಬದಲಾಯಿಸಬಹುದು. ಫಿಟ್ ಕಾಲಂ ನರ್ಸ್ ಒಬ್ಬರದೇ. ಇಂಥವರಿಗೆ ಇಂಥ ಕಾಲಂ ಬರೆಯುವ ಹಕ್ಕು ಎಂದು ಡೇಟಾಬೇಸಿಗೆ ಹೇಳಿಬಿಟ್ಟರೆ ಅದು ಯಾರ ಮುಲಾಜಿಗೂ ಒಳಗಾಗುವುದಿಲ್ಲ. ನನಗೆ ಈ ಕಸುಬಿನಲ್ಲಿ ಇಷ್ಟವಾದ ಸಂಗತಿಯೇ ಅದು.

ಚಹಾ ಕೂಡ ತರಿಸಿಕೊಳ್ಳದೆ ಕೂತೆ. ಮೊದಲು ನೋಡಿದ್ದು ನರ್ಸ್ ಹಕ್ಕು ಇದೆಯೋ ಇಲ್ಲವೋ ಎಂದು. ವ್ಯೂ ಮೇಲೆ, ಫಿಟ್ ಕಾಲಂಗೆ, ಅಪ್‌ಡೇಟ್ ಅಂದರೆ ಬರೆಯುವ ಹಕ್ಕು, ಇದ್ದ ಹಾಗೆಯೇ ಇತ್ತು. ಎರಡನೆಯದು, ಓದುವ ಹಕ್ಕು. ಒಬ್ಬನ ಸಾಲನ್ನು ಬದಲಾಯಿಸಬೇಕಾದರೆ ಮೊದಲು ಆ ಸಾಲನ್ನು ಹುಡುಕಬೇಕು, ಹುಡುಕಬೇಕಾದರೆ ಅವನ ನಂಬರಿನ ಕಾಲಂ ಓದಲು ಬರಬೇಕು. ಬರೆಯುವ ಹಕ್ಕು ಕೊಟ್ಟು ಓದುವ ಹಕ್ಕು ಮರೆತು ಹಲ್ಲು ಕಡಿದುಕೊಂಡವರು ನಮ್ಮಲ್ಲಿ ಬಹಳ ಜನ. ಅದೂ ಸರಿಯಾಗಿತ್ತು.

ಮೂರನೆಯ ಅನುಮಾನ ನರ್ಸ್, ಫೋರ್‌ಮನ್‌ಗಳು ಬರೆಯಲು ಬಳಸುವ ಆ್ಯಪ್ ಮೇಲೆ. ಕೆಲವು ಆ್ಯಪ್‌ಗಳಿಗೆ ಒಂದು ಕೆಟ್ಟ ಚಾಳಿ: ನೀವು ಒಂದು ಕಾಲಂ ಬದಲಾಯಿಸಿದರೂ ಅವು ಇಡೀ ಸಾಲನ್ನು ಮತ್ತೆ ಬರೆದು ಕಳಿಸುತ್ತವೆ. ಆಗ ಹಕ್ಕಿಲ್ಲದ ಕಾಲಂ ಒಂದು ಸೇರಿಕೊಂಡರೂ ಸಾಕು, ಎಲ್ಲವೂ ವಾಪಸ್. ಅಬುಧಾಬಿಯ ನಮ್ಮ ಆ್ಯಪ್ ತಂಡ ಆ ವಾರವೇ ಹೊಸ ಆವೃತ್ತಿ ಹಾಕಿತ್ತು. ಕಳ್ಳ ಸಿಕ್ಕಿದ ಎಂದೇ ಖುಷಿಪಟ್ಟು ಅವರಿಗೆ ಫೋನ್ ಹಚ್ಚಿದೆ. ಅವರು ಆ್ಯಪ್ ಕಳಿಸುತ್ತಿರುವ ಆಜ್ಞೆಯನ್ನೇ ತೆಗೆದು ತೋರಿಸಿದರು. ಒಂದೇ ಕಾಲಂ, ಅಚ್ಚುಕಟ್ಟಾಗಿ. ಬೈಯಲು ಸಿದ್ಧವಾಗಿದ್ದ ಬಾಯಿಂದ ಥ್ಯಾಂಕ್ಸ್ ಹೇಳಬೇಕಾಯಿತು.

ಸರಿ, ನಾನೇ ನರ್ಸ್ ಆಗಿ ನೋಡೋಣ ಎಂದು ನರ್ಸ್ ಪಾತ್ರ ತೊಟ್ಟು, ಅಂದರೆ ಅವರಿಗಿರುವ ಹಕ್ಕುಗಳಷ್ಟನ್ನೇ ಇಟ್ಟುಕೊಂಡು, ಅದೇ ಆಜ್ಞೆ ಕೊಟ್ಟೆ. ಆಗಲಿಲ್ಲ. ಪಾತ್ರ ಕಳಚಿ ನನ್ನ ಸ್ವಂತ ಖಾತೆಯಿಂದ ಕೊಟ್ಟೆ. ಅದೂ ಆಗಲಿಲ್ಲ! ಇಲ್ಲಿ ನನಗೆ ನಿಜಕ್ಕೂ ತಲೆಕೆಟ್ಟಿತು. ನನ್ನದು ಸೂಪರ್‌ಯೂಸರ್ ಖಾತೆ. ಆ ಡೇಟಾಬೇಸಿನಲ್ಲಿ ನನಗೆ ಮುಚ್ಚಿದ ಬಾಗಿಲಿಲ್ಲ. ನೇರವಾಗಿ ಟೇಬಲ್ಲಿಗೆ ಹೋಗಿ ಪ್ರಯೋಗದ ಸಾಲೊಂದನ್ನು ಬದಲಾಯಿಸಿದರೆ ಸಲೀಸಾಗಿ ಆಗುತ್ತದೆ. ಹುಡುಗನನ್ನೂ ಅಲ್ಲಿಂದ ನಾನೇ ಅನ್‌ಫಿಟ್ ಮಾಡಬಹುದಿತ್ತು, ಆದರೆ ಆ ಕಾಲಂ ನರ್ಸ್ ಒಬ್ಬರದೇ ಎಂಬ ನಿಯಮ ನನಗೂ ಒಂದೇ. ವ್ಯೂ ಮೂಲಕ ಹೋದರೆ ಮಾತ್ರ, ಬೀಗದ ಕೈ ಗೊಂಚಲನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡ ನನಗೂ ಅನುಮತಿ ಇಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಬಂಟ್ವಾಳದ ಕಡೆಯವರು, ಮನೆಮಾತು ಬ್ಯಾರಿ. ನನ್ನ ಮೈಸೂರು ಕನ್ನಡವನ್ನು ಆಡಿಕೊಳ್ಳುವುದರಲ್ಲಿ ಅವರಿಗೆ ಎಲ್ಲಿಲ್ಲದ ಸುಖ. ಆವತ್ತು ಆಡಿಕೊಳ್ಳುವ ಮುಖವಿರಲಿಲ್ಲ. ಫೋರ್‌ಮನ್‌ಗಳೆಲ್ಲ ಅವರ ಫೋನಿಗೆ ಮುತ್ತಿದ್ದರು. ನರ್ಸ್ ಕಾಲಂ ಮಾತ್ರವಲ್ಲ, ಅವರ ಸೈಟು-ಬಸ್ಸಿನ ಕಾಲಂಗಳೂ ಕೂತುಬಿಟ್ಟಿದ್ದವು.

"ಎಂತ ಮೇಡಂ, ಎಷ್ಟು ಹೊತ್ತು? ಅಬುಧಾಬಿಯವರು ಆ್ಯಪನ್ನು ನೇರ ಟೇಬಲ್ಲಿಗೆ ತಿರುಗಿಸ್ತೇವೆ ಅಂತಾರೆ, ಐದು ನಿಮಿಷದ ಕೆಲಸವಂತೆ. ನೀವು ಟೇಬಲ್ಲಿಗೆ ಎಲ್ಲರಿಗೂ ಅಪ್‌ಡೇಟ್ ಕೊಟ್ಬಿಡಿ. ಖಲಾಸ್."

"ಎಲ್ಲರಿಗೂ ಕೊಟ್ರೆ ಫಿಟ್ ಕಾಲಂ ಕೂಡ ಎಲ್ಲರದ್ದೂ ಆಗುತ್ತೆ ಸರ್. ಇಲಿ ಬಂತು ಅಂತ ಮನೆಗೇ ಬೆಂಕಿ ಹಚ್ಚಿದ ಹಾಗೆ."

"ಅದಕ್ಕೆಂತ? ಎಲ್ಲ ಕೊಟ್ಟು, ಆಮೇಲೆ ಆ ಒಂದು ಕಾಲಂ ಮಾತ್ರ ವಾಪಸ್ ತಗೊಳ್ಳಿ."

ಕೇಳಿದರೆ ಯಾರಿಗಾದರೂ ಸರಿಯೆನಿಸುವ ಮಾತು. ವಾದ ಮಾಡುವ ಬದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆಯ ಡೇಟಾಬೇಸ್ ತೆರೆದೆ. ಫೋರ್‌ಮನ್ ಪಾತ್ರಕ್ಕೆ ಇಡೀ ಟೇಬಲ್ಲಿನ ಅಪ್‌ಡೇಟ್ ಕೊಟ್ಟೆ. ಆಮೇಲೆ ಫಿಟ್ ಕಾಲಂ ಒಂದನ್ನು ಹಿಂದಕ್ಕೆ ಪಡೆದೆ. ಡೇಟಾಬೇಸ್ ತುಟಿ ಪಿಟಕ್ ಅನ್ನದೆ ಒಪ್ಪಿಕೊಂಡಿತು.

"ನೋಡಿದ್ರಾ, ಆಯ್ತಲ್ಲ!" ಎಂದರು.

"ಈಗ ನೀವು ಫೋರ್‌ಮನ್. ಬದಲಾಯಿಸಿ ನೋಡಿ."

ಅವರೇ ಕೀಬೋರ್ಡ್ ಎಳೆದುಕೊಂಡು ಅನ್‌ಫಿಟ್ ಇದ್ದವನನ್ನು ಫಿಟ್ ಮಾಡಿದರು. ಗುಂಡಿ ಒತ್ತಿದ ಕೂಡಲೇ ಆಗಿಹೋಯಿತು. ಇಡೀ ಟೇಬಲ್ಲಿಗೆಂದು ಕೊಟ್ಟ ಹಕ್ಕು ಬೇರೆ, ಒಂದೊಂದು ಕಾಲಂಗೆ ಕೊಟ್ಟ ಹಕ್ಕು ಬೇರೆ. ಮೊದಲನೆಯದು ಕೈಯಲ್ಲಿರುವ ತನಕ ಎರಡನೆಯದನ್ನು ಕಿತ್ತುಕೊಂಡರೂ ಏನೂ ಆಗುವುದಿಲ್ಲ. ಮನೆಯ ಬೀಗದ ಕೈ ಕೊಟ್ಟು ಅಡುಗೆಮನೆಗೆ ಮಾತ್ರ ಕಾಲಿಡಬೇಡ ಎಂದರೆ ಯಾರು ಕೇಳುತ್ತಾರೆ?

ಮ್ಯಾನೇಜರ್ ಕೀಬೋರ್ಡನ್ನು ನನ್ನ ಕಡೆಗೆ ತಳ್ಳಿದರು. ಜ್ವರದವನು ಬಿದ್ದ ದಿನ ಆಸ್ಪತ್ರೆಗೆ ಓಡಿದ್ದವರು ಅವರೇ.

"ಸರಿ. ಮೂರೂವರೆ ತನಕ ಕಾಯ್ತೇನೆ," ಎಂದರು. "ಆಮೇಲೆ ನನ್ನ ಕೈಲಿ ಇಲ್ಲ ಮೇಡಂ. ಬಸ್ಸು ಹೋಗದಿದ್ರೆ ಮೇಲಿನವರು ನನ್ನನ್ನು ಬಿಡೂದಿಲ್ಲ."

ಅವರು ಹೋದ ಮೇಲೆ ಮತ್ತೆ ಪರದೆಗೆ ತಿರುಗಿದೆ. ಬೇಡ ಎನ್ನುವುದು ಸುಲಭ. ಬೇಡ ಎಂದವಳು ಬೇರೆ ದಾರಿ ತೋರಿಸಬೇಕು, ಆ ದಾರಿ ನನಗಿನ್ನೂ ಸಿಕ್ಕಿರಲಿಲ್ಲ. ನಾನು ಸೋತರೆ ನೋವು ನನಗಲ್ಲ, ಕ್ಲಿನಿಕ್‌ನಲ್ಲಿ ಮಲಗಿದ್ದ, ನಾನು ಮುಖವನ್ನೂ ನೋಡಿರದ, ಕಂಬಿ ಕಟ್ಟುವ ಆ ಹುಡುಗನಿಗೆ.

ಊಟದ ಡಬ್ಬಿ ತೆರೆದಿದ್ದೆ ಅಷ್ಟೇ, ಗಂಡನ ಫೋನ್ ಬಂತು. ಅವನು ಮಗಳನ್ನು ಊದ್ ಮೇಥಾದ ಸಂಗೀತದ ಕ್ಲಾಸಿಗೆ ಬಿಟ್ಟು, ಅವಳ ವೀಸಾ ನವೀಕರಣಕ್ಕೆಂದು, ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಹೋಗಿದ್ದ. ನಮ್ಮ ಮನೆಯಲ್ಲಿ ಅವನೂ ಮಗಳೂ ಇಬ್ಬರೂ ನನ್ನ ವೀಸಾದ ಮೇಲೆಯೇ ಇರುವವರು, ನಾನೇ ಅವರ ಸ್ಪಾನ್ಸರ್.

"ಲೇ, ಅವಳ ಪಾಸ್‌ಪೋರ್ಟು ಫೋಟೋ ಎಲ್ಲ ಕೊಟ್ರೂ ಆಗಲ್ವಂತೆ. ನಿನ್ನ ಐಡಿ ಬೇಕಂತೆ. ಮೊದಲು ಸ್ಪಾನ್ಸರ್‌ದು ಸರಿ ಇದ್ಯಾ ನೋಡ್ತಾರಂತೆ, ಆಮೇಲೆ ಮಗೂದು."

"ಅವಳದ್ದೆಲ್ಲ ಸರಿಯಾಗೇ ಇದ್ಯಲ್ಲ?"

"ಅವಳದ್ದು ಎಷ್ಟು ಸರಿ ಇದ್ರೇನು ಮಾರಾಯ್ತಿ, ಅವಳು ನಿಂತಿರೋದು ನಿನ್ನ ಮೇಲೆ ತಾನೆ? ನೀನು ಕೆಲಸ ಬದಲಾಯಿಸಿದಾಗ ನಮ್ಮಿಬ್ಬರದ್ದೂ ಏನಾಗಿತ್ತು, ಮರೆತ್ಯಾ?"

ಮರೆಯುವುದೆಲ್ಲಿಂದ. ನನ್ನ ಹಳೆಯ ವೀಸಾ ರದ್ದಾಗುವ ಮೊದಲು ಅವರಿಬ್ಬರದನ್ನು ತಡೆಹಿಡಿಸಲು ಓಡಾಡಿದ್ದು, ಟೈಪಿಂಗ್ ಸೆಂಟರಿನವನು "ಪೆಹಲೇ ಬಚ್ಚೇ ಕಾ" ಮೊದಲು ಮಕ್ಕಳದ್ದು, ಎಂದು ಗದರಿದ್ದು, ಎಲ್ಲ ನೆನಪಿದೆ. ಈ ದೇಶದಲ್ಲಿ ನೀವು ಯಾರೆಂಬುದರ ಜೊತೆಗೆ ಯಾರ ಮೇಲೆ ನಿಂತಿದ್ದೀರಿ ಎಂಬುದೂ ಯಾವಾಗಲೂ ಪ್ರಶ್ನೆ. ಐಡಿಯ ಫೋಟೋ ಕಳಿಸಿದವಳು ತುತ್ತನ್ನು ಡಬ್ಬಿಯಲ್ಲೇ ಬಿಟ್ಟು ಎದ್ದೆ.

ನರ್ಸ್ ಹಕ್ಕು ಸರಿಯಿದೆ. ಆ್ಯಪ್ ಸರಿಯಿದೆ. ನಾನಂತೂ ಸರಿಯಿದ್ದೇನೆ. ಹಾಗಾದರೆ ಆ ವ್ಯೂ ಯಾರ ಮೇಲೆ ನಿಂತಿದೆ?

ನಡೆದದ್ದನ್ನೆಲ್ಲ ಬರೆದಿಡುವ ಡೇಟಾಬೇಸಿನ ಲಾಗ್ ತೆರೆದೆ. ಆ್ಯಪ್ "ಅನುಮತಿ ಇಲ್ಲ" ಎಂದಷ್ಟೇ ತೋರಿಸುತ್ತಿತ್ತು. ನನ್ನ ಪರದೆಯ ಮೇಲೆ ಪೂರ್ತಿ ವಾಕ್ಯವೇ ಬಂದಿದ್ದರೂ ನಾನು ಮೊದಲ ಎರಡು ಪದ ಓದಿ ಮುಂದೆ ಓಡಿದ್ದೆ. ಲಾಗ್ ನಿಧಾನವಾಗಿ ಓದಿದಾಗ ಕಂಡಿತು: ಅನುಮತಿ ಇಲ್ಲವೆಂದಿದ್ದು ವ್ಯೂಗಲ್ಲ, ಟೇಬಲ್ಲಿಗೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಬುಧಾಬಿಯವರೆಗೆ ಅಲೆದಿದ್ದೆ.

ವ್ಯೂ ಮೂಲಕ ಬರೆಯುವಾಗ ಡೇಟಾಬೇಸ್ ಎರಡು ಕಡೆ ತಪಾಸಣೆ ಮಾಡುತ್ತದೆ. ಕಿಟಕಿಯ ಬಳಿ ಬಂದವರಿಗೆ ವ್ಯೂ ಮೇಲೆ ಹಕ್ಕಿದೆಯೇ ಎಂಬುದು ಮೊದಲನೆಯದು. ಕಿಟಕಿಯ ಆಚೆ, ಟೇಬಲ್ಲಿನ ಮೇಲೆ, ಕೇಳುವುದು ಬಂದವರ ಹಕ್ಕನ್ನಲ್ಲ, ವ್ಯೂ ಯಾರ ಹೆಸರಿನಲ್ಲಿದೆಯೋ ಆ ಮಾಲೀಕರ ಹಕ್ಕನ್ನು. ಮಾಲೀಕರಿಗೆ ಹಕ್ಕಿಲ್ಲದಿದ್ದರೆ ಸೂಪರ್‌ಯೂಸರ್ ಬಂದು ನಿಂತರೂ ಕಿಟಕಿ ತೆರೆಯುವುದಿಲ್ಲ. ಕೂಡಲೇ ಮಾಲೀಕರ ಹೆಸರು ನೋಡಿದೆ. ನೋಡಿ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು. ಅಲ್ಲಿದ್ದದ್ದು ನಮ್ಮ ಮ್ಯಾನೇಜರ್ ಹೆಸರು.

ಹೇಗೆಂಬುದು ಆಮೇಲೆ ಹೊಳೆಯಿತು. ಈಜಿಪ್ಟಿನ ಹಿರಿಯರು ವ್ಯೂ ಕಟ್ಟಿದ್ದು ತಮ್ಮ ಸ್ವಂತ ಖಾತೆಯಿಂದ. ಅವರಿಗೆ ಟೇಬಲ್ಲಿನ ಮೇಲೆ ಬರೆಯುವ ಹಕ್ಕಿತ್ತು, ಎಲ್ಲ ನಡೆಯುತ್ತಿತ್ತು. ಅವರು ಬೇರೆ ಕೆಲಸ ಸಿಕ್ಕಿ ಹೊರಟರು, ಹಿಂದಿನ ದಿನ ಸಂಜೆಯಷ್ಟೇ ಅವರ ವೀಸಾ ಕ್ಯಾನ್ಸಲ್ ಆಗಿತ್ತು. ವೀಸಾ ಕ್ಯಾನ್ಸಲ್ ಆದವರ ಖಾತೆಗಳನ್ನು ಅಂದೇ ಅಳಿಸುವುದು ನಮ್ಮಲ್ಲಿ ನಿಯಮ. ಬಿಟ್ಟುಹೋದವರ ಕಪಾಟು, ಲ್ಯಾಪ್‌ಟಾಪ್ ಎಲ್ಲ ಮ್ಯಾನೇಜರ್ ವಶಕ್ಕೆ ಹೋಗುವುದು ಪದ್ಧತಿ. ಅದೇ ಪದ್ಧತಿಯನ್ನು ಯಾರೋ ಡೇಟಾಬೇಸಿಗೂ ಬರೆದಿಟ್ಟಿದ್ದರು: ಖಾತೆ ಅಳಿಸುವ ಮೊದಲು ಅದರ ಹೆಸರಿನಲ್ಲಿರುವುದನ್ನೆಲ್ಲ ಮ್ಯಾನೇಜರ್ ಖಾತೆಗೆ ದಾಟಿಸು. ಮ್ಯಾನೇಜರಿಗೋ ವರದಿ ನೋಡಲು ಬೇಕಾದ ಓದುವ ಹಕ್ಕು ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಓದುವವರಿಗೆ ಕಿಟಕಿ ಎಂದಿನಂತೆಯೇ ಕಂಡಿತು, ಬರೆಯಲು ಹೋದವರ ಕೈ ಮಾತ್ರ ಗಾಜಿಗೆ ಬಡಿಯಿತು.

ಮ್ಯಾನೇಜರ್ ಕೋಣೆಗೆ ಹೋಗಿ ಹೇಳಿದೆ. "ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ ಸರ್, ಹಾಗಾಗಿದೆ. ಆ ಪೂಜಾರಿ ನೀವೇ."

ಅವರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಹಣೆ ಚಚ್ಚಿಕೊಂಡು ನಕ್ಕರು.

"ಅಲ್ಲ ಮಾರಾಯ್ರೆ, ಬೆಳಿಗ್ಗೆಯಿಂದ ಎಲ್ಲರಿಗೂ ಕೊಡಿ ಕೊಡಿ ಅಂತ ಬೊಬ್ಬೆ ಹೊಡೀತಾ ಇದ್ದೇನೆ, ತಡೆದು ನಿಲ್ಸಿದ್ದು ನಾನೇಯಾ? ಹಾಗಾದ್ರೆ ನನಗೇ ಆ ಅಪ್‌ಡೇಟ್ ಕೊಟ್ಬಿಡಿ. ಯಲ್ಲಾ, ಮುಗೀತಲ್ಲ?"

ಮುಗಿಯುತ್ತಿತ್ತು, ನಿಜ. ಒಂದೇ ಸಾಲಿನ ಆಜ್ಞೆ, ಮರುಕ್ಷಣ ನರ್ಸ್ ಕಾಲಂ ತೆರೆದುಕೊಳ್ಳುತ್ತಿತ್ತು. ಮೂರೂವರೆ ಹತ್ತಿರವಾಗುತ್ತಿತ್ತು. ನನ್ನ ಜಾಗದಲ್ಲಿ ಅನೇಕರು ಅದನ್ನೇ ಮಾಡುತ್ತಿದ್ದರು, ನಾನೂ ಬಾಗಿಲವರೆಗೆ ಹೋದವಳು ನಿಂತೆ.

"ನೀವು ಕ್ಯಾನ್ಸಲ್ ಆದ ದಿನ ಏನಾಗುತ್ತೆ ಸರ್?"

"ನನ್ನನ್ನು ಓಡಿಸ್ಲಿಕ್ಕೆ ಆಯ್ತಾ ನಿಮಗೆ!"

"ನೀವು ಅಂತಲ್ಲ. ನಾವೆಲ್ಲ ಇಲ್ಲಿ ವೀಸಾ ಇರೋ ತನಕ ತಾನೆ? ಆ ವ್ಯೂ ಒಬ್ಬ ಮನುಷ್ಯರ ಮೇಲೆ ನಿಲ್ಲಬಾರದು. ನಿಮ್ಮ ಮೇಲೂ ಬೇಡ, ನನ್ನ ಮೇಲೂ ಬೇಡ. ಸ್ವಲ್ಪ ಹೊತ್ತು ಕೊಡಿ."

ಅವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. "ಮಾಡಿ. ಫೋನ್‌ಗಳು ನಾನು ನೋಡಿಕೊಳ್ತೇನೆ," ಎಂದು ಬಾಗಿಲು ಹಾಕಿಕೊಂಡರು.

ಯಾವ ಮನುಷ್ಯರದ್ದೂ ಅಲ್ಲದ ಒಂದು ಪಾತ್ರ ಸೃಷ್ಟಿಸಿದೆ. ಅದಕ್ಕೆ ಪಾಸ್‌ವರ್ಡ್ ಇಲ್ಲ, ಲಾಗಿನ್ ಇಲ್ಲ. ಅದರ ಹೆಸರಿನಲ್ಲಿ ಯಾರೂ ಒಳಗೆ ಬರಲಾರರು, ಅದನ್ನು ಯಾರೂ ಕ್ಯಾನ್ಸಲ್ ಮಾಡಲಾರರು. ಅದಕ್ಕೂ ಇಡೀ ಟೇಬಲ್ ಕೊಡಲಿಲ್ಲ. ಸೈಟು, ಬಸ್ಸು, ಫಿಟ್ ಎಂಬ ಮೂರು ಕಾಲಂ ಬರೆಯುವ ಹಕ್ಕು ಮಾತ್ರ ಕೊಟ್ಟು, ವ್ಯೂವಿನ ಮಾಲೀಕತ್ವವನ್ನು ಅದಕ್ಕೆ ದಾಟಿಸಿದೆ. ನರ್ಸ್ ಪಾತ್ರದಲ್ಲಿ ಆಜ್ಞೆ ಕೊಟ್ಟೆ. ಮತ್ತೆ ಅನುಮತಿ ಇಲ್ಲ!

ಈ ಸಲ ವಾಕ್ಯವನ್ನು ಕೊನೆಯವರೆಗೆ ಓದಿದೆ. ಮತ್ತೆ ಟೇಬಲ್ಲಿಗೇ. ಬರೆಯುವ ಹಕ್ಕು ಕೊಟ್ಟ ಆತುರದಲ್ಲಿ ಹೊಸ ಮಾಲೀಕನಿಗೆ ಓದುವ ಹಕ್ಕು ಕೊಟ್ಟಿರಲಿಲ್ಲ. ಹಲ್ಲು ಕಡಿದುಕೊಳ್ಳುವವರು ಬಹಳ ಜನ ಎಂದೆನಲ್ಲ, ಆ ಸಾಲಿಗೆ ನಾನೂ ಸೇರಿದೆ. ಓದುವ ಹಕ್ಕು ಸೇರಿಸಿದೆ, ಮತ್ತೆ ಆಜ್ಞೆ ಕೊಟ್ಟೆ. ಒಂದು ಸಾಲು ಬದಲಾಗಿದೆ ಎಂದು ಬಂತು.

ಅಷ್ಟಕ್ಕೇ ಬಿಡಲಿಲ್ಲ. ಫೋರ್‌ಮನ್ ಪಾತ್ರ ತೊಟ್ಟು ಬಸ್ಸಿನ ಕಾಲಂ ಬದಲಾಯಿಸಿದೆ, ಆಯಿತು. ಅದೇ ಪಾತ್ರದಲ್ಲಿ ಫಿಟ್ ಕಾಲಂ ಮುಟ್ಟಿದೆ. ಅನುಮತಿ ಇಲ್ಲ ಎಂದು ಬಂತು. ಬೆಳಗ್ಗೆಯಿಂದ ಶನಿಯ ಹಾಗೆ ಕಾಡಿದ ಅದೇ ಎರಡು ಪದ ಈಗ ನೋಡಲು ಎಷ್ಟು ಚೆಂದವಾಗಿತ್ತು! ಪ್ರಯೋಗಕ್ಕೆಂದು ಬದಲಾಯಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿ ಕ್ಲಿನಿಕ್‌ಗೆ ಫೋನ್ ಹಚ್ಚಿದೆ.

"ಸಿಸ್ಟರ್, ಈಗ ಹಾಕಿ."

ಆ ಕಡೆ ಕೀಲಿ ಒತ್ತುವ ಸದ್ದು.

"ಹೋಯ್ತು ಮೇಡಂ. ಅನ್‌ಫಿಟ್ ಅಂತ ಬಂತು, ಕೆಂಪಾಗಿ." ಅವರು ಆ ಕಡೆ ತಿರುಗಿ ಯಾರಿಗೋ ಹೇಳಿದ್ದು ಕೇಳಿಸಿತು: "ಸೋ ಜಾವೋ ಬೇಟಾ, ಕಲ್ ಬಸ್ ನಹೀಂ."

ನಾಲ್ಕಕ್ಕೆ ಪಟ್ಟಿ ಬಂತು. ಅವನ ಹೆಸರು ಇದೆಯೇ ಎಂದು ಮೂರು ಸಲ ಹುಡುಕಿದೆ. ಇರಲಿಲ್ಲ. ಅಮ್ಮ ಮಾಡಿದ ಹೋಳಿಗೆಗಿಂತ ಸಿಹಿ ಎನಿಸಿತು ಆ ಇಲ್ಲದಿರುವಿಕೆ, ಸುಳ್ಳೇಕೆ ಹೇಳಲಿ. ಡಬ್ಬಿಯಲ್ಲೇ ಉಳಿದಿದ್ದ ಮೊಸರನ್ನವನ್ನು ಆಗ ಕೂತು ತಿಂದೆ. ಸಂಜೆ ಮನೆಗೆ ಹೋಗಿ ಮಗಳಿಗೆ ಕಥೆಯೆಲ್ಲ ವಿವರಿಸಿದರೆ ಅವಳು "ಸೋ ಯು ಫಿಕ್ಸ್ಡ್ ಎ ವಿಂಡೋ?" ಎಂದಳು. ಹೌದಮ್ಮ, ಕಿಟಕಿಯೇ, ಎಂದೆ.

ಕಂಪನಿ ಬಿಡುವವರ ಖಾತೆ ಅಳಿಸುವ ವಿಧಾನವನ್ನೂ ಮುಂದಿನ ವಾರ ತಿದ್ದಿಸಿದೆ. ಈಗ ಯಾವುದೂ ತಾನಾಗಿ ಮ್ಯಾನೇಜರಿಗೆ ದಾಟುವುದಿಲ್ಲ. ಹೊರಟವರ ಹೆಸರಿನಲ್ಲಿ ಏನಾದರೂ ಉಳಿದಿದ್ದರೆ, ಅದು ಎಲ್ಲಿಗೆ ಸೇರಬೇಕೆಂದು ತೀರ್ಮಾನವಾಗುವ ತನಕ ಖಾತೆ ಅಳಿಯುವುದಿಲ್ಲ. ಟೈಪಿಂಗ್ ಸೆಂಟರಿನವನು ಕಲಿಸಿದ ಪಾಠ ಅದು, ರದ್ದು ಮಾಡುವಾಗ ಮೊದಲು ಮಕ್ಕಳದ್ದು, ಆಮೇಲೆ ಸ್ಪಾನ್ಸರ್‌ದು.

ಮುಂದಿನ ಬೇಸಿಗೆಯಲ್ಲಿ ಮ್ಯಾನೇಜರ್ ನಿಜವಾಗಿಯೂ ಹೊರಟರು. ಅಬುಧಾಬಿಯಲ್ಲಿ ದೊಡ್ಡ ಕೆಲಸ. ಅವರ ವೀಸಾ ಕ್ಯಾನ್ಸಲ್ ಆದ ದಿನ ಆಫೀಸಿನಲ್ಲಿ ಮಂದಿ ಬಿರಿಯಾನಿ ತರಿಸಿದ್ದರು. ಅವರ ಖಾತೆಯನ್ನು ಅಳಿಸಿದ್ದು ನಾನೇ.

"ನನ್ನ ಹೆಸರಲ್ಲಿ ಎಂತಾದ್ರೂ ಉಳೀತಾ ಮೇಡಂ?" ಎಂದು ನನ್ನ ಮೇಜಿನ ಬಳಿ ಬಂದು ಕೇಳಿದರು.

"ಏನೂ ಇಲ್ಲ ಸರ್. ನನ್ನ ಹೆಸರಲ್ಲೂ ಇಲ್ಲ."

ಅವರು ನಕ್ಕು, ಬಿರಿಯಾನಿ ಆರಿಹೋಗುತ್ತದೆ ಬನ್ನಿ ಎಂದು ನಡೆದರು. ನಾನು ಮಾತ್ರ, ಖಾತೆ ಅಳಿದ ಮೇಲೆ ಮತ್ತೆ ಕಾಲಂ ಮುಚ್ಚಿಕೊಂಡೀತೇ ಎಂದು, ಫೋನ್ ಪಕ್ಕದಿಂದ ಏಳಲಿಲ್ಲ. ಕ್ಲಿನಿಕ್‌ನಿಂದ ಕರೆ ಬರಲಿಲ್ಲ. ಆ ಮಧ್ಯಾಹ್ನ ನರ್ಸ್ ಬೇರೆ ಯಾರನ್ನೋ ಅನ್‌ಫಿಟ್ ಮಾಡಿದ್ದು ನನಗೆ ಪರದೆಯ ಮೇಲೆ ಕಂಡಿತ್ತು. ಕೊನೆಗೆ ಫೋನ್ ಬಡಿದುಕೊಂಡಾಗ ಬೆಚ್ಚಿ ಎತ್ತಿದೆ. ಹೊಸದಾಗಿ ಸೇರಿದ್ದ ಒಬ್ಬ ಫೋರ್‌ಮನ್, ಒಬ್ಬ ಆಳು ಕಡಿಮೆ, ಫಿಟ್ ಕಾಲಂ ತೆರೆಯುತ್ತಿಲ್ಲ ಎಂಬ ಸಿಟ್ಟಿನಲ್ಲಿದ್ದ.

"ಮೇಡಂ, ಬಸ್ ವಾಲಾ ಖುಲ್ತಾ ಹೈ, ಸೈಟ್ ವಾಲಾ ಖುಲ್ತಾ ಹೈ. ಫಿಟ್ ವಾಲಾ ನಹೀಂ ಖುಲ್ತಾ. ಏಕ್ ಆದ್ಮೀ ಕಮ್ ಹೈ ಮೇರೇ ಪಾಸ್. ಠೀಕ್ ಕರ್ ದೋ ನಾ."

"ಠೀಕ್ ಹೀ ಹೈ, ಭಾಯ್," ಸರಿಯಾಗಿಯೇ ಇದೆ, ಎಂದು ಫೋನ್ ಇಟ್ಟು, ಬಿರಿಯಾನಿ ತಿನ್ನಲು ಎದ್ದೆ.